ಕೊನೆಯ ಕಡ್ಡಿ

ಬೆಳಗಿನ ಆರು ಗಂಟೆ. ಪರೀಕ್ಷಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ, ಎಲ್ಲರ ಬಾಯಲ್ಲೂ ‘ಬ್ಲೇಡಕ್ಕ’ ಆಗಿರುವ ಹೆಂಗಸು ಕುಳಿತಿದ್ದಾರೆ. ಬೆರಳುದ್ದದ ಬಿಳಿ ಸೆರಾಮಿಕ್ ಕಡ್ಡಿಯ ನಡುವಿನ ಸೀಳಿಗೆ ವಜ್ರದ ಪುಡಿ ಕಲಸಿದ ಪೇಸ್ಟ್ ಸವರಿ, ಬ್ಲೇಡಿನಿಂದ ಹಿಂದಕ್ಕೂ ಮುಂದಕ್ಕೂ ತೀಡುತ್ತಾರೆ. ಸೀಳಿನ ತುದಿ ಕೂದಲಿಗಿಂತ ಸಣ್ಣಗಾಗಬೇಕು. ಆತುರಪಟ್ಟರೆ ಕಡ್ಡಿ ಹಾಳು.

ಸವೆದ ಸೊಂಟದ ಕೀಲಿಗೆ ಕೂರಿಸುವ ಗುಂಡು ಇದೇ ಸೆರಾಮಿಕ್‌ನದು. ಬಿರುಕು ಬಿಟ್ಟರೆ ಎಷ್ಟು ತಡೆದೀತು ಎಂದು ನೋಡಲು ಇಲ್ಲಿ ಎರಡು ದಾರಿ. ವಜ್ರದ ಮೊನೆ ಒತ್ತಿ, ಮೂಡಿದ ಅಚ್ಚಿನ ಮೂಲೆಗಳಿಂದ ಹರಿದ ಬಿರುಕನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುವುದು ಒಂದು, ಬೇಗ ಮುಗಿಯುತ್ತದೆ. ಸೀಳು ಮಾಡಿ ಕಡ್ಡಿಯನ್ನೇ ಬಗ್ಗಿಸಿ ಮುರಿಯುವುದು ಇನ್ನೊಂದು. ಕತ್ತು ಬೆನ್ನು ಹಿಡಿದುಕೊಳ್ಳುವ ಕೆಲಸ. ಒಂದೇ ಕಡ್ಡಿಗೆ ಎರಡೂ ಮಾಡಿ ಹೋಲಿಸಬೇಕು. ಅಚ್ಚು ಬ್ಲೇಡಕ್ಕನ ಗಂಡನದು, ಸೀಳು ಬ್ಲೇಡಕ್ಕನದು. ಹದಿನೆಂಟು ವರ್ಷ ಹೀಗೇ ನಡೆದಿದೆ.

“ಅವರ ಲೆಕ್ಕ ಯಾವಾಗ್ಲೂ ನನ್ನದಕ್ಕಿಂತ ಜಾಸ್ತಿ. ಊಟಕ್ಕೆ ಕೂತ್ರೂ ಅದೇ ಜಗಳ. ‘ನಿನ್ನ ಕೈ ಒರಟು ಕಣೇ’ ಅನ್ನೋರು. ‘ನಿಮಗೆ ಬಿರುಕಿನ ತುದೀನೇ ಕಾಣಲ್ಲ, ಕನ್ನಡಕ ಬದಲಾಯಿಸಿ’ ಅಂತಿದ್ದೆ,” ಎನ್ನುತ್ತಾರೆ ಬ್ಲೇಡಕ್ಕ.

ಹೊಸ ಕೀಲು ಹಾಕಿಸಿಕೊಂಡು ಮೆಟ್ಟಿಲು ಹತ್ತುವವರು ಡಾಕ್ಟರನ್ನು ಹೊಗಳುತ್ತಾರೆ. ಹೊಗಳಲಿ. ಇಂಥ ಇಬ್ಬರು ಇದ್ದರೇ ಎಂದು ವಿಚಾರಿಸಿದವರು ಒಬ್ಬರಾದರೂ ಇದ್ದಾರೆಯೇ?

ಈಗ ಇಬ್ಬರಿಲ್ಲ, ಒಬ್ಬರೇ. ಕಳೆದ ತಿಂಗಳು ಎದೆನೋವೆಂದು ಆಸ್ಪತ್ರೆಗೆ ಹೋದ ಗಂಡ ವಾಪಸ್ ಬರಲಿಲ್ಲ. ಅವರು ಅಚ್ಚೊತ್ತಿ ಅಳೆದ ಕೊನೆಯ ಕಡ್ಡಿಯೇ ಇದು. ಮುರಿಯದೆ ಹೋಲಿಕೆ ಪೂರ್ತಿಯಾಗದು. ಮುರಿಯಲು ಬ್ಲೇಡಕ್ಕನಿಗೆ ಮನಸ್ಸು ಬಂದಿರಲಿಲ್ಲ. ದಿನಾ ಬೇರೆ ಕಡ್ಡಿ ಎತ್ತಿಕೊಂಡು ಇದನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಇವತ್ತು ಬೇರೆ ಯಾವುದೂ ಉಳಿದಿಲ್ಲ.

ಪರೀಕ್ಷಾಲಯದ ಮುಖ್ಯಸ್ಥರು ಬಾಗಿಲಲ್ಲಿ ನಿಲ್ಲುತ್ತಾರೆ. “ಅಕ್ಕ, ಬೇರೆಯವರ ಕೈಲಿ ಮುರಿಸ್ಲಾ?”

“ಬೇಡ ಸಾರ್. ಬೇರೆಯವರು ಮುಟ್ಟಿದ್ರೆ ಸುಮ್ನಿರೋ ಆಸಾಮಿ ಅಲ್ಲ ಅದು.”

ಕಡ್ಡಿಯನ್ನು ಯಂತ್ರದಲ್ಲಿ ಕೂರಿಸಿ ಗುಂಡಿ ಒತ್ತುತ್ತಾರೆ. ಟಪ್. ಅಷ್ಟೇ ಸದ್ದು. ಬಿರುಕು ತಡೆಯುವ ಶಕ್ತಿಯ ಲೆಕ್ಕ ಹಾಕಿದರೆ ಬ್ಲೇಡಕ್ಕನದು ನಾಲ್ಕೂವರೆ. ಗಂಡನದು ಐದು ದಾಟಿತ್ತು.

“ನೋಡಿ, ಹೋದ್ಮೇಲೂ ಹಟ ಬಿಟ್ಟಿಲ್ಲ,” ಎಂದು ನಗಲು ಹೋಗಿ, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. “ಒಂದ್ಸಲನಾದ್ರೂ ಇಬ್ಬರದೂ ಸಮ ಬರ್ಲಿ ಅಂತಿತ್ತು.”

ಮುರಿದ ಎರಡು ತುಂಡುಗಳಲ್ಲಿ ಗಂಡನ ಅಚ್ಚು ಇರುವುದನ್ನು ಅಂಗೈಯಲ್ಲಿ ಇಟ್ಟುಕೊಂಡು ಮುಖ್ಯಸ್ಥರ ಕಡೆ ತಿರುಗುತ್ತಾರೆ.

“ಸಾರ್, ನಿಮ್ಮ ಕೆಲಸ ಎಲ್ಲ ಮುಗಿದ್ಮೇಲೆ ಇದೊಂದು ತುಂಡು ನನಗೆ ಕೊಡ್ತೀರಾ? ಮನೇಲಿ ಜಗಳ ಆಡೋಕೆ ಯಾರೂ ಇಲ್ಲ.”