ಅವರೆಕಾಳು ಬಣ್ಣದ ಮಂಚ

ನರ್ಸಮ್ಮನ ಹತ್ತು ಉಗುರುಗಳಲ್ಲಿ ಎರಡಾದರೂ ಯಾವಾಗಲೂ ಹಸಿರಾಗಿರುತ್ತಿದ್ದವು. ಹಸಿರಲ್ಲದಿದ್ದರೆ ಕೆಮ್ಮಣ್ಣಿನ ಬಣ್ಣ, ಅದೂ ಅಲ್ಲದಿದ್ದರೆ ಸರ್ಕಾರಿ ಕಚೇರಿಯ ಕಿಟಕಿಗಳಿಗೆ ಬಳಿಯುವ ಆ ಬೂದಿನೀಲಿ. ಅದೇ ಬೆರಳುಗಳಲ್ಲಿ ನನ್ನ ಮುಂಗೈ ಹಿಡಿದು, ಗೋಡೆ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದರು. ನನಗೆ ತಿಂಗಳಿಗೆ ಎರಡು ಸಲವಾದರೂ ಹಾರ್ಟ್ ಅಟ್ಯಾಕ್ ಆಗುತ್ತಿತ್ತಾದ್ದರಿಂದ ಆ ಬೆರಳುಗಳ ಪರಿಚಯ ನನಗೆ ಚೆನ್ನಾಗಿಯೇ ಇದೆ. "ಏನೂ ಆಗಿಲ್ಲ ಟೀಚರೇ, ಹೋಗಿ ಮಜ್ಜಿಗೆ ಕುಡೀರಿ" ಎಂದು ಕೈ ಬಿಡುತ್ತಿದ್ದರು. ಮನೆಗೆ ಬಂದು ನೋಡಿಕೊಂಡರೆ ಮುಂಗೈ ಮೇಲೆ ಮೂರು ಹಸಿರು ಗುರುತು. ಅದು ಚರ್ಮಕ್ಕೆ ಏನಾದರೂ ಮಾಡೀತೇ ಎಂಬುದು ಆಮೇಲಿನ ಚಿಂತೆ.

ಸೊರಬದ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ, ನಿವೃತ್ತರಾದ ಮೇಲೆ ಶಿಕಾರಿಪುರಕ್ಕೆ ಬಂದು ನಮ್ಮ ಪಕ್ಕದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದರು. ಒಂಟಿ ಜೀವ. ಮದುವೆಯ ವಿಷಯ ಯಾರಾದರೂ ಎತ್ತಿದರೆ, ಊರವರ ಮಕ್ಕಳನ್ನೆಲ್ಲ ಹೊರಗೆ ಎಳೆಯುವುದರಲ್ಲೇ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದರು. ಈಗ ಪುರುಸೊತ್ತು ಸಿಕ್ಕಿತ್ತಲ್ಲ, ಗುಜರಿ ಅಂಗಡಿಯಿಂದ ಕಾಲು ಮುರಿದ ಸ್ಟೂಲು, ಬಾಗಿಲು ಕಳಚಿದ ಬೀರು, ಬೆನ್ನಿಲ್ಲದ ಕುರ್ಚಿಗಳನ್ನು ಆಟೋದ ಹಿಂದೆ ಹೇರಿಕೊಂಡು ಬರುತ್ತಿದ್ದರು. ಮರಕ್ಕೆ ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು, ಥೇಟು ಡಾಕ್ಟರು ಎದೆ ಕುಟ್ಟಿದ ಹಾಗೆ. ಹುಳ ಕೊರೆದ ತೂತುಗಳಿಗೆ ಬೇವಿನೆಣ್ಣೆ, ಸೀಮೆಎಣ್ಣೆ ಬೆರೆಸಿ ಸಿರಿಂಜಿನಲ್ಲಿ ತುಂಬಿ ಚುಚ್ಚುತ್ತಿದ್ದರು. ಒಮ್ಮೆ ನಾನು ಗೇಟು ತೆರೆದುಕೊಂಡು ಹೋದಾಗ ಒಂದು ಕುರ್ಚಿಯ ತೊಡೆಗೆ ಇಂಜೆಕ್ಷನ್ ಕೊಟ್ಟು ಬಟ್ಟೆಯಿಂದ ಉಜ್ಜುತ್ತಿದ್ದರು. ನನಗೆ ಸುಮ್ಮಸುಮ್ಮನೆ ನೋವಾಯಿತು.

ಬಣ್ಣದ ಡಬ್ಬಿ ಕೊಂಡದ್ದನ್ನು ನಾನು ನೋಡಿಲ್ಲ. ಎಲ್ಲಿ ಹೊಸ ಮನೆಗೆ ಬಣ್ಣ ಹೊಡೆಯುತ್ತಿದ್ದಾರೋ ಅಲ್ಲಿಗೆ ಹೋಗಿ, ಡಬ್ಬಿಯ ತಳದಲ್ಲಿ ಉಳಿದದ್ದನ್ನು ಪೇಂಟರುಗಳಿಂದ ಕೇಳಿ ತರುತ್ತಿದ್ದರು. ಅವರ ಗೇಟು, ಇವರ ಕಿಟಕಿ, ಇನ್ನಾರದೋ ದೇವರಮನೆ ಬಾಗಿಲು, ಎಲ್ಲ ಒಂದೇ ಬಕೀಟಿನಲ್ಲಿ ಸೇರಿ ಯಾವ ಕಂಪನಿಯೂ ಮಾಡದ ಬಣ್ಣವೊಂದು ಹುಟ್ಟುತ್ತಿತ್ತು. ಪಾಲಿಶ್ ಪೇಪರಿನಲ್ಲಿ ಎರಡು ದಿನ ತಿಕ್ಕದೆ ಬ್ರಶ್ ಮುಟ್ಟುತ್ತಿರಲಿಲ್ಲ. ಆದರೆ ಅಡಿಭಾಗಕ್ಕೆ ಮಾತ್ರ ಒಂದು ಹನಿ ಬಣ್ಣವನ್ನೂ ತಾಗಿಸುತ್ತಿರಲಿಲ್ಲ. ಕಾಣದ ಕಡೆ ಬಳಿಯುವುದು ದುಂದು, ಜೊತೆಗೆ ಮರಕ್ಕೂ ಉಸಿರಾಡಲು ಒಂದು ಕಡೆ ಬಿಡಬೇಕು ಎಂಬುದು ಅವರ ಶಾಸ್ತ್ರ. ಹೀಗೆ ಎಬ್ಬಿಸಿ ಕೂರಿಸಿದ ಸಾಮಾನುಗಳನ್ನು ಬೇಕಾದವರಿಗೆ ಕೊಟ್ಟುಬಿಡುತ್ತಿದ್ದರು. ನಮ್ಮ ಬೀದಿಯ ಅರ್ಧ ಜನ ಕೂರುತ್ತಿದ್ದುದು ನರ್ಸಮ್ಮ ಬದುಕಿಸಿದ ಕುರ್ಚಿಗಳ ಮೇಲೆ.

ನನ್ನ ಮಗಳಿಗೆ ಸಿಸೇರಿಯನ್ ಆಯಿತು. ಅವಳು ಬಾಣಂತನಕ್ಕೆ ಬರಬೇಕು, ನಮ್ಮ ಮನೆಯ ದಿವಾನ ತೀರ ತಗ್ಗು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅದರಿಂದ ಏಳುವುದು ಹೇಗೆ ಎಂಬುದು ನನ್ನ ಆ ವಾರದ ಚಿಂತೆ. ಎತ್ತರದ ಮಂಚ ಯಾವುದಾದರೂ ಇದೆಯೇ ಎಂದು ನರ್ಸಮ್ಮನನ್ನು ಕೇಳಿದೆ. ಅವರು ನೋಡೋಣ ಎಂದರು. ಮರುದಿನ ಬಂದು, ಒಂದಿದೆ, ನಾಲ್ಕು ದಿನ ಕೊಡಿ ಎಂದರು. ಐದನೆಯ ದಿನ ಎಳೆ ಅವರೆಕಾಳಿನ ಬಣ್ಣದ ಮಂಚ ನಮ್ಮ ನಡುಕೋಣೆಗೆ ಬಂತು. ಅಷ್ಟು ತಣ್ಣನೆಯ ಬಣ್ಣ ನಾನು ನೋಡಿರಲಿಲ್ಲ. ಮಗಳು ಅದರ ಮೇಲೆ ಕೈಯೂರಿ ಸಲೀಸಾಗಿ ಎದ್ದಳು, ಮಲಗಿದಳು, ಮಗುವಿಗೆ ಹಾಲು ಕೊಟ್ಟಳು. ನನಗೆ ಆ ವಾರ ಹಾರ್ಟ್ ಅಟ್ಯಾಕ್ ಆಗಲಿಲ್ಲ.

ಹದಿನಾಲ್ಕನೆಯ ದಿನ ಮಗುವಿನ ಕಾಲುಚೀಲ ಮಂಚದ ಕೆಳಗೆ ಬಿತ್ತು. ಬಗ್ಗಿ ಒಳಗೆ ತೂರಿ, ಏಳುವಾಗ ತಲೆಗೆ ಏನೋ ತಾಗಿತೆಂದು ಮೇಲೆ ನೋಡಿದೆ. ಬಣ್ಣವಿಲ್ಲದ ಹಳೆಯ ಪಟ್ಟಿಯಲ್ಲಿ ಸೊಟ್ಟಗೆ ಬಗ್ಗಿದ ಒಂದು ಮೊಳೆ. ಅದರ ಸುತ್ತ ಗುರಿ ತಪ್ಪಿದ ಸುತ್ತಿಗೆಯ ಏಳೆಂಟು ಅರ್ಧಚಂದ್ರಗಳು. ಅಷ್ಟು ಕೆಟ್ಟದಾಗಿ ಮೊಳೆ ಹೊಡೆಯುವವರು ಈ ತಾಲ್ಲೂಕಿನಲ್ಲಿ ಒಬ್ಬರೇ ಇರುವುದು. ನಾನೇ ಹೊಡೆದದ್ದು. ನಮ್ಮ ಮಾವನವರ ಮೂತ್ರದ ಚೀಲ ನೇತುಹಾಕುವುದಕ್ಕೆ.

ಆ ಕಾಲುಚೀಲ ಹಿಡಿದುಕೊಂಡು ನೆಲದ ಮೇಲೆ ಎಷ್ಟು ಹೊತ್ತು ಬಿದ್ದಿದ್ದೆನೋ. ನನ್ನ ಮೂಗಿನಿಂದ ಒಂದು ಗೇಣು ಮೇಲೆ ಮಗಳು, ಮೊಮ್ಮಗು.

ಮೂರು ವರ್ಷದ ಹಿಂದೆ, ಉಸಿರಾಟದ ತೊಂದರೆಯೆಂದು ಮಾವನವರನ್ನು ಕುಪ್ಪಗಡ್ಡೆಯಿಂದ ಕರೆತಂದಿದ್ದೆವು. ಬೇರೆ ಕಡೆ ನಿದ್ದೆ ಬರುವುದಿಲ್ಲವೆಂದು ತಮ್ಮ ಮಂಚವನ್ನೂ ಹೊರಿಸಿಕೊಂಡು ಬಂದಿದ್ದರು. ನಮ್ಮಲ್ಲಿ ಪ್ರಾಣ ಹೋಗುವ ಮುಂಚೆ ಮಂಚದಿಂದ ನೆಲಕ್ಕೆ ಇಳಿಸಬೇಕು. ಮಂಚದ ಮೇಲೆ ಹೋದರೆ ಹೋದವರಿಗೂ ಒಳ್ಳೆಯದಲ್ಲ, ಆ ಮಂಚ ಮನೆಯಲ್ಲಿ ಉಳಿಯುವ ಹಾಗೂ ಇಲ್ಲ. ಅವತ್ತು ನಮ್ಮವರು ಪಹಣಿ ತಿದ್ದುಪಡಿಗೆಂದು ಸೊರಬಕ್ಕೆ ಹೋಗಿದ್ದರು, ನರ್ಸಮ್ಮ ಅಣ್ಣನ ಮಗನ ಮನೆಗೆಂದು ಗುಡವಿಗೆ ಹೋಗಿದ್ದರು. ಮಾವನವರು ನಾಲ್ಕು ದಿಂಬಿಗೆ ಒರಗಿ ಉಸಿರೆಳೆಯುತ್ತಿದ್ದರು. ಇಳಿಸಬೇಕು ಅಂತ ಗೊತ್ತಾಯಿತು. ಕೈ ಕೂಡ ಹಾಕಿದೆ. ಇಳಿಸುವಾಗಲೇ ಏನಾದರೂ ಆದರೆ ಎಂಬ ಭಯಕ್ಕೆ ಕೈ ತೆಗೆದೆ. ನನ್ನ ಹೆದರಿಕೆ ಮುಗಿಯುವಷ್ಟರಲ್ಲಿ ಅವರೇ ಮುಗಿದಿದ್ದರು. ಹೆಣ ಇನ್ನೂ ಅಂಗಳದಲ್ಲಿರುವಾಗ ನಾದಿನಿ ನೆಂಟರೆಲ್ಲರ ಎದುರಿಗೆ, "ಸಾಯೋರನ್ನ ನೆಲಕ್ಕೆ ಇಳಿಸೋಕೂ ನಿನಗೆ ಕೈ ಬರ್ಲಿಲ್ವಾ" ಎಂದಳು. ಅದು ನಿಜವಾಗಿತ್ತು. ಮಂಚ ಗುಜರಿಗೆ ಹೋಯಿತು. ಮೂರು ವರ್ಷ ಆ ಮಾತು ನನ್ನ ಜೊತೆಗೇ ಊಟ ಮಾಡಿತು.

ಚಪ್ಪಲಿ ಕೂಡ ಹಾಕಿಕೊಳ್ಳದೆ ಪಕ್ಕದ ಮನೆಗೆ ಹೋದೆ. ನರ್ಸಮ್ಮ ಒಂದು ಸ್ಟೂಲನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ನೋಡಿ ಸ್ಟೂಲು ಕೆಳಗಿಟ್ಟರು.

"ಗೊತ್ತಿದ್ದೇ ಕೊಟ್ಟಿದ್ದು" ಎಂದರು.

ನಾನು ಏನೇನೋ ಅಂದೆ. ಹಸುಗೂಸು ಅಂದೆ, ಹಸಿ ಬಾಣಂತಿ ಅಂದೆ, ನೀವೂ ನಮ್ಮ ಜನವೇ ಅಲ್ಲವೇ ಅಂದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಆಸ್ಪತ್ರೆಯ ಮಂಚಗಳ ವಿಷಯ ಎತ್ತಿದರು. ಬೆಳಿಗ್ಗೆ ಒಬ್ಬರು ಹೋದ ಮಂಚದ ಮೇಲೆ ಮಧ್ಯಾಹ್ನ ಬಸುರಿ ಮಲಗುತ್ತಾಳೆ, ಒಂದು ಹಾಸಿಗೆವಸ್ತ್ರ ಬದಲಾಯಿಸಿದರೆ ಆಯಿತು, ಯಾರೂ ಕೇಳುವುದಿಲ್ಲ, ನಿಮ್ಮ ಮಗಳು ಐದು ದಿನ ಯಾರ ಮಂಚದ ಮೇಲೆ ಮಲಗಿದ್ದಳೆಂದು ನೀವು ಕೇಳಿದಿರಾ ಎಂದರು. ಕೇಳಿರಲಿಲ್ಲ. ಇಡೀ ಜಿಲ್ಲೆಯ ಚಿಂತೆಯನ್ನೆಲ್ಲ ಗುತ್ತಿಗೆ ಹಿಡಿದ ನಾನು ಅದೊಂದನ್ನು ಹೇಗೆ ಬಿಟ್ಟೆನೋ.

ಆದರೂ ನಾನು ಮಂಚ ವಾಪಸು ತೆಗೆದುಕೊಳ್ಳಿ ಎಂದೇ ಹಟ ಹಿಡಿದೆ. ಆಗ ಅವರು ನನ್ನ ಮುಂಗೈ ಹಿಡಿದರು, ನಾಡಿ ನೋಡುವುದಕ್ಕಲ್ಲ.

"ಸಾಯಂಕಾಲ ಬಂದು ನಿಮ್ಮ ಮಾವನ ಮುಖ ನೋಡಿದ್ನಲ್ರೀ. ಒದ್ದಾಡಿದ ಮುಖ ಅಲ್ಲ ಅದು. ಆ ಎದೆ ಇಟ್ಕೊಂಡೋರನ್ನ ನೆಲದ ಮೇಲೆ ಚಪ್ಪಟೆ ಮಲಗಿಸಿದ್ರೆ ನೀರಲ್ಲಿ ಮುಳುಗಿಸಿದ ಹಾಗೆ. ನೀವು ಇಳಿಸ್ಲಿಲ್ಲ. ಅದಕ್ಕೇ ಅವ್ರು ಕೂತಲ್ಲೇ ನಿದ್ದೆ ಹೋದ ಹಾಗೆ ಹೋದ್ರು."

ಇದನ್ನು ಮೂರು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಸಮಾಧಾನಕ್ಕೆ ಹೇಳಿದೆ ಅಂದುಕೊಳ್ಳುತ್ತಿದ್ದಿರಿ ಎಂದರು. ಗುಜರಿಯವನ ಹತ್ತಿರ ಆ ಮಂಚ ನೋಡಿದ ದಿನವೇ ಎತ್ತಿಕೊಂಡು ಬಂದಿದ್ದರಂತೆ. ಅದಕ್ಕೊಂದು ಮಗು ಬರಲಿ ಎಂದು ಹಿತ್ತಲಿನ ಮಾಡಿನಲ್ಲಿ ಇಟ್ಟಿದ್ದರಂತೆ. ಅಷ್ಟು ಹೇಳಿ ಸ್ಟೂಲನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ಮಂಚ ನಮ್ಮಲ್ಲೇ ಉಳಿಯಿತು. ಮಗಳಿಗೆ ನಾನು ಹೇಳಲಿಲ್ಲ. ನಾಮಕರಣಕ್ಕೆ ಬಂದ ನಾದಿನಿ ಅದರ ಮೇಲೆಯೇ ಕುಳಿತು ಮಗುವನ್ನು ಆಡಿಸಿದಳು, ಬಣ್ಣ ಚೆನ್ನಾಗಿದೆ, ಎಲ್ಲಿ ತಗೊಂಡೆ ಎಂದು ಕೇಳಿದಳು. ನನಗೆ ಬಂದ ಕೆಮ್ಮು ಅರ್ಧ ಗಂಟೆ ನಿಲ್ಲಲಿಲ್ಲ.

ಕಳೆದ ಮಾಘದಲ್ಲಿ ನರ್ಸಮ್ಮನೇ ಹಾಸಿಗೆ ಹಿಡಿದರು. ಅವರದೂ ಎದೆಯ ತೊಂದರೆಯೇ, ಕಾಲೆಲ್ಲ ನೀರು ತುಂಬಿತ್ತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಗುಡವಿಯಿಂದ ಅಣ್ಣನ ಮಗ, ಅವನ ತಾಯಿ ಬಂದಿದ್ದರು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ಆ ಹಿರಿಯಮ್ಮ ನೆಲ ಸಾರಿಸಿ ಚಾಪೆ ಹಾಸಿಯಾಗಿತ್ತು. ಮಗ ನರ್ಸಮ್ಮನ ಬೆನ್ನ ಹಿಂದಿನ ದಿಂಬುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ನರ್ಸಮ್ಮನಿಗೆ ಮಾತು ನಿಂತಿತ್ತು. ಕಣ್ಣುಗಳು ಮಾತ್ರ ನೆಲದ ಕಡೆ ನೋಡುತ್ತಿದ್ದವು, ಉಸಿರು ದಡಬಡಿಸುತ್ತಿತ್ತು.

ನೆಂಟರ ಎದುರು ನಾನು ಯಾವತ್ತೂ ಗಟ್ಟಿಯಾಗಿ ಮಾತಾಡಿದವಳಲ್ಲ. ಗಂಜಿ ಪಾತ್ರೆ ಕೆಳಗಿಟ್ಟು, ಹೋಗಿ ಮಂಚದ ಅಂಚು ಹಿಡಿದುಕೊಂಡೆ.

"ಇಳಿಸ್ಬೇಡಿ. ದಿಂಬು ವಾಪಸ್ ಇಡಪ್ಪಾ."

ಅವನು ತಾಯಿಯ ಮುಖ ನೋಡಿದ. ಹಿರಿಯಮ್ಮನಿಗೆ ಸಿಟ್ಟು ಬರಲಿಲ್ಲ, ದಿಗಿಲಾಯಿತು. "ಮಂಚದ ಮೇಲೆ ಹೋದ್ರೆ ಆ ಪಾಪ ಯಾರು ಹೊರ್ತಾರಮ್ಮಾ? ಮಂಚನಾದ್ರೂ ಯಾರು ಇಟ್ಕಂತಾರೆ?"

"ಎರಡನ್ನೂ ನಾನೇ" ಎಂದೆ.

ಹಾಗೆಂದವಳು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ. ಮಂಚವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಆ ಹುಡುಗ ನಿಧಾನವಾಗಿ ನಾಲ್ಕು ದಿಂಬುಗಳನ್ನೂ ಮತ್ತೆ ಒಟ್ಟಿದ. ನರ್ಸಮ್ಮ ಅದಕ್ಕೆ ಒರಗಿದರು. ಉಸಿರು ಸ್ವಲ್ಪ ಸ್ವಲ್ಪವೇ ದಾರಿಗೆ ಬಂತು. ಅವರು ಹಾಗೆ ಕುಳಿತುಕೊಂಡೇ ಇನ್ನೊಂದು ದಿನ ಇದ್ದರು. ಮರುದಿನ ಮಧ್ಯಾಹ್ನ, ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗುತ್ತಿರಲಿಲ್ಲ, ನಾವೆಲ್ಲ ಒಂದು ಕ್ಷಣ ಆ ಕಡೆ ತಿರುಗಿದೆವು. ಈ ಕಡೆ ತಿರುಗುವಷ್ಟರಲ್ಲಿ ಹೋಗಿದ್ದರು. ಒದ್ದಾಡಿದ ಮುಖವಾಗಿರಲಿಲ್ಲ.