ಲಾಲಿಯ ಬಲಗೈ

ಯುಲಾಲಿಯಾ ಬರ್ರಗಾನ್ ಎಂಬುದು ಅವಳ ಪೂರ್ತಿ ಹೆಸರು. ಯಾಕಿಮಾ ಕಣಿವೆಯ ನಮ್ಮ ಊರಲ್ಲಿ ಅವಳನ್ನು ಹಾಗೆ ಕರೆಯುತ್ತಿದ್ದವರು ಪಾದ್ರಿಗಳೊಬ್ಬರೇ. ಉಳಿದವರಿಗೆಲ್ಲ ಅವಳು ಲಾಲಿ, ನನಗೆ ಕೊಮಾದ್ರೆ. ಅವಳ ಮಗಳು ಹಿಮೆನಾಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವಳು ನಾನು. ಅಂದಿನಿಂದ ಮಗುವಿಗೆ ನಾನು ಮಾದ್ರೀನಾ, ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚೇ.

ಸೇಬು ಆರಿಸಿ ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತು ನಾವು ಹರೆಯ ಕಳೆದೆವು. ಕಮ್ಯುನಿಟಿ ಕಾಲೇಜಿಗೆ ಸೇರೋಣ ಎಂದು ಹೊರಡಿಸಿದವಳು ಅವಳೇ. ವಿಶ್ವವಿದ್ಯಾಲಯವಿದ್ದದ್ದು ಬೆಟ್ಟದಾಚೆ, ಗಂಡ, ಮಕ್ಕಳು, ಶೆಡ್ಡು ಎಲ್ಲ ಬಿಟ್ಟು ಅಲ್ಲಿಗೆ ಹೋಗುವವರಾರು? ನಮ್ಮೂರ ಕಾಲೇಜಿನಲ್ಲಿ ಮೊದಲು ಎರಡು ವರ್ಷದ ಓದು ಮಾತ್ರ ಇತ್ತು. ಆಮೇಲೆ ಕೆಲವು ವಿಷಯಗಳಲ್ಲಿ ಪೂರ್ತಿ ಪದವಿಯೂ ಇಲ್ಲೇ ಸಿಗತೊಡಗಿತು. ಅದರಲ್ಲಿ ಹಲ್ಲಿನ ಆರೈಕೆಯದೂ ಒಂದು. ಒಂದೊಂದೇ ವಿಷಯ ಹಿಡಿದು, ಇಂಗ್ಲಿಷು, ಗಣಿತ, ರಸಾಯನಶಾಸ್ತ್ರ ದಾಟಿ ನಾವು ಆ ತರಗತಿ ಮುಟ್ಟುವ ಹೊತ್ತಿಗೆ ಹಿಮೆನಾ ಹೈಸ್ಕೂಲಿನಲ್ಲಿದ್ದಳು. ಲಾಲಿಗೆ ನಲವತ್ತೊಂದು.

ಆ ವರ್ಷ ಮೊದಲ ಮಂಜು ಬಿದ್ದ ವಾರ, ಪ್ಲಾಸ್ಟಿಕ್ ದವಡೆಯ ಮೇಲೆ ಸೂಜಿ ಹಿಡಿಯುವುದನ್ನು ಕಲಿಯುತ್ತಿದ್ದಾಗ, ಅವಳ ಬಲಗೈ ನಡುಗಿದ್ದನ್ನು ನಾನು ಕಂಡೆ. ಚಳಿಗೆ ಇರಬಹುದು ಎಂದುಕೊಂಡೆ. ಆದರೆ ಅವಳು ಥಟ್ಟನೆ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡು ಸುತ್ತ ನೋಡಿದ ರೀತಿ ಕಂಡು ನನ್ನ ಎದೆಯಲ್ಲಿ ಮುಳ್ಳು ಆಡಿಸಿದಂತಾಯಿತು.

ಮನೆಗೆ ಮರಳುವಾಗ ಕಾರಿನಲ್ಲಿ ಕೇಳಿದೆ. ಅವಳು ಹೊರಗಿನ ಬೋಳು ತೋಟಗಳ ಕಡೆ ಮುಖ ತಿರುಗಿಸಿದಳು.

"ನಮ್ಮಪ್ಪ ಸೂಪು ಕುಡೀತಿದ್ದದ್ದು ನೆನಪಿದೆಯಾ ನಿಂಗೆ?" ಎಂದಳು.

ನೆನಪಿತ್ತು. ಅವಳಪ್ಪ ಕ್ರೆಸೆನ್ಸಿಯೊ ಗಿಡ ಸವರುವ ಕತ್ತರಿ ಹಿಡಿದರೆ ಒಂದು ಮೊಗ್ಗೂ ದಂಡವಾಗದು ಎಂದು ತೋಟದವರು ಹೊಗಳುತ್ತಿದ್ದರು. ಕೊನೆಗೆ ಅವರ ಚಮಚ ತಟ್ಟೆಗೆ ಬಡಿದು ಟಣಟಣ ಅನ್ನುತ್ತಿತ್ತು. ಅಂಗಿಯ ಗುಂಡಿಯನ್ನೂ ಲಾಲಿಯೇ ಹಾಕಬೇಕಿತ್ತು. ಮನೆಯಲ್ಲಿ ಅದಕ್ಕೆ 'ನಡುಕ' ಎನ್ನುತ್ತಿದ್ದರು. ಬೇರೆ ಹೆಸರು ಯಾರೂ ಕೇಳಲಿಲ್ಲ. ಒಂದು ಚಳಿಗಾಲ ನ್ಯುಮೋನಿಯಾ ಬಂದು ತೀರಿಕೊಂಡಾಗಲೂ ಮನೆಯವರು, ನಡುಕವೇ ಕೊಂಡೊಯ್ದಿತು ಅಂದರು.

"ಡಾಕ್ಟರ್ ಹತ್ರ ಹೋಗೋಣ," ಎಂದೆ.

"ಬೇಡ. ಹೆಸರಿಟ್ಟು ಕರೆದರೆ ಬಂದು ಕೂತ್ಕೊಳ್ಳುತ್ತೆ ಅದು. ಎಫ್ರಾಯಿನ್‌ಗೆ ಹೇಳ್ಬೇಡ. ಹಿಮೆನಾಗಂತೂ ಬೇಡವೇ ಬೇಡ. ಆಣೆ ಮಾಡು, ಕೊಮಾದ್ರೆ."

ಅವಳ ಗಂಡನಿಗೂ ಮಗಳಿಗೂ ಹೇಳುವುದಿಲ್ಲವೆಂದು ನಾನು ಆಣೆ ಮಾಡಿದೆ.

ಆಮೇಲಿನ ದಿನಗಳಲ್ಲಿ ಅವಳ ಬದುಕೆಲ್ಲ ಆ ಕೈಯನ್ನು ಕಾಯುವುದಾಯಿತು. ಕುಡಿದರೆ ನಡುಕ ಹೆಚ್ಚೀತೆಂದು ಕಾಫಿ ಬಿಟ್ಟಳು. ಕಾಲೇಜಿನ ಊಟದ ಕೋಣೆಯಲ್ಲಿ ಟಮಾಲೆ ಎಂಬ ಕಡುಬಿಗೆ ಸುತ್ತಿದ ಜೋಳದ ಸಿಪ್ಪೆಯನ್ನು ಎಡಗೈಯಲ್ಲಿ ಮೆಲ್ಲಗೆ ಬಿಡಿಸುತ್ತಿದ್ದಳು. ಜೊತೆಯ ಹುಡುಗಿಯರು, "ಲಾಲಿಯಕ್ಕ ರಾಣಿ ಥರ ತಿಂತಾರೆ ನೋಡ್ರೇ!" ಎಂದು ನಕ್ಕರೆ ತಾನೂ ನಗುವಳು. ಆ ನಗೆ ಕಣ್ಣಿನವರೆಗೆ ಏರುತ್ತಿರಲಿಲ್ಲ.

ನಮ್ಮ ಕಲಿಕೆಯಲ್ಲಿ ವಿದ್ಯಾರ್ಥಿಗಳು ಒಬ್ಬರ ಬಾಯಿಗೆ ಒಬ್ಬರು ಮರಗಟ್ಟಿಸುವ ಚುಚ್ಚುಮದ್ದು ಕೊಡಬೇಕು. ಅದು ಬಾರದವರಿಗೆ ಮುಂದೆ ದಾರಿಯಿಲ್ಲ. ಕಷ್ಟದ್ದು ಕೆಳದವಡೆಯದು: ಉದ್ದನೆಯ ಸೂಜಿ ಬಾಯಿಯ ಹಿಂಬದಿಯಲ್ಲಿ, ಕಣ್ಣಿಗೆ ಕಾಣದ ಎಲುಬಿನತ್ತ ಆಳಕ್ಕೆ ಇಳಿಯಬೇಕು. ಅಲ್ಲಿ ನರವಿದೆ, ರಕ್ತನಾಳವಿದೆ. ಕೈ ತಪ್ಪಿದರೆ ತುಟಿ ಎಷ್ಟೋ ತಿಂಗಳು ಜೋಮು ಹಿಡಿದಿರಬಹುದು. ಲಾಲಿಯ ಸೂಜಿಗೆ ಬಾಯಿ ಕೊಡಬೇಕಾದವಳು ನಾನು.

ಅದರ ಹಿಂದಿನ ದಿನ ಲಾಲಿ ಫೋನ್ ಮಾಡಿದಳು. "ನಿಂಗೆ ಹೆದರಿಕೆ ಆಗ್ತಿದ್ರೆ ಬೇರೆಯವರ ಜೊತೆ ಕೂತ್ಕೋ. ನಾನು ಬೇಜಾರು ಮಾಡ್ಕೊಳ್ಳಲ್ಲ."

"ಹೆದರಿಕೆ ಆಗ್ತಿದೆ. ಆದರೂ ನಾನೇ ಕೂರ್ತೀನಿ," ಎಂದೆ.

ಕುರ್ಚಿ ಹಿಂದಕ್ಕೆ ಮಲಗಿತು. ಮುಖದ ಮೇಲೆ ದೀಪ. ಲಾಲಿಯ ಕಣ್ಣು ಬಿಟ್ಟು ಬೇರೇನೂ ನನಗೆ ಕಾಣುತ್ತಿರಲಿಲ್ಲ. ಅವಳು ಕಿರುಬೆರಳನ್ನು ನನ್ನ ಗಲ್ಲಕ್ಕೆ ಆನಿಸಿದಳು. ಆ ಬೆರಳಿನಿಂದ ನಡುಕ ನನ್ನ ಎಲುಬಿಗೆ ದಾಟಿತು, ದೂರದಲ್ಲಿ ರೈಲು ಬರುವಾಗ ಕಿಟಕಿ ಗಾಜು ಅದುರುವ ಹಾಗೆ. ನಾನು ಕುರ್ಚಿಯ ತೋಳು ಬಿಗಿಯಾಗಿ ಹಿಡಿದೆ. ಸೂಜಿಯ ತುದಿ ಕೆನ್ನೆಯ ಒಳಗೆ ಒಮ್ಮೆ ತಾಗಿತು. ಹಿಂದೆ ಸರಿಯಿತು. ಇನ್ನೊಮ್ಮೆ ತಾಗಿತು, ಬೇರೆ ಜಾಗದಲ್ಲಿ. ಬಾಯಲ್ಲಿ ರಕ್ತದ ರುಚಿ.

"ನಿಧಾನ, ಲಾಲಿ. ಸರಿಯಾದ ಜಾಗದಲ್ಲೇ ಇದ್ದೀರಿ. ಮುಂದುವರಿಸಿ," ಎಂದರು ಪಕ್ಕದಲ್ಲಿ ನಿಂತಿದ್ದ ನಮ್ಮ ಶಿಕ್ಷಕಿ ಹಾಲ್ವರ್‌ಸನ್ ಮೇಡಂ.

ಲಾಲಿಯ ಹಣೆಯಿಂದ ಬೆವರು ಕನ್ನಡಕದ ಒಳಕ್ಕೆ ಇಳಿಯುತ್ತಿತ್ತು. ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಸಿರಿಂಜನ್ನು ತಟ್ಟೆಯಲ್ಲಿಟ್ಟು, ಕೈಗವಸು ಕಳಚಿದಳು.

"ಇವಳಿಗೆ ನಾನು ಚುಚ್ಚಲ್ಲ ಮೇಡಂ. ಇವಳಿಗಷ್ಟೇ ಅಲ್ಲ, ಯಾರಿಗೂ ಚುಚ್ಚಲ್ಲ."

ಕೋಟು ಕೂಡ ತೆಗೆದುಕೊಳ್ಳದೆ ಹೊರಟುಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಎತ್ತಲಿಲ್ಲ. ಕೋಟು ಹಿಡಿದು ಮನೆಗೆ ಹೋದರೆ ಬಾಗಿಲು ತೆಗೆದವಳು ಹಿಮೆನಾ.

"ಮಾದ್ರೀನಾ, ಅಮ್ಮಂಗೆ ಏನಾಗಿದೆ? ಗ್ಲಾಸಿಗೆ ನೀರು ತುಂಬೋದು, ಹಿಡ್ಕೊಂಡು ನೋಡೋದು, ಚೆಲ್ಲೋದು. ಬೆಳಿಗ್ಗೆಯಿಂದ ಅದೇ. ಅಪ್ಪ ಲಾರಿ ತಗೊಂಡು ಹೋಗಿದ್ದಾರೆ. ನಂಗೆ ಭಯ ಆಗ್ತಿದೆ."

ಲಾಲಿ ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದಳು. ನೆಲವೆಲ್ಲ ಒದ್ದೆ.

"ಓದಿದ್ದೆಲ್ಲ ಹೋಯ್ತು ಕಣೇ," ಎಂದಳು ತಿರುಗದೆ. "ಅದೂ ಹೋಗ್ಲಿ. ಇನ್ನೆಷ್ಟು ವರ್ಷ ನಂಗೆ? ಇವಳ ಮದುವೆ ನೋಡ್ತೀನಾ?" ಆಮೇಲೆ ದನಿ ಇನ್ನೂ ತಗ್ಗಿಸಿ, "ಇವಳಿಗೂ ಕೊಟ್ಟುಬಿಟ್ಟಿದ್ದೀನಾ?"

ಬಾಗಿಲಲ್ಲಿ ನಿಂತಿದ್ದ ಹಿಮೆನಾ ಅದನ್ನು ಕೇಳಿಸಿಕೊಂಡಳು. ನನ್ನ ಆಣೆ ಅಲ್ಲಿಗೆ ಮುಗಿಯಿತು. ನನಗೆ ಗೊತ್ತಿದ್ದಷ್ಟನ್ನೂ ಹೇಳಿದೆ. ಹುಡುಗಿ ಅಳಲಿಲ್ಲ. ನೆಲ ಒರೆಸಿದಳು. ಒರೆಸುತ್ತಲೇ, "ಅಜ್ಜನಿಗೆ ಏನಾಗಿತ್ತು ಅಂತ ಯಾರಿಗೂ ಗೊತ್ತಿಲ್ವಾ? ಯಾರೂ ಕೇಳ್ಲೇ ಇಲ್ವಾ? ಏಳಮ್ಮ, ಕೇಳ್ಕೊಂಡು ಬರೋಣ," ಎಂದಳು.

ತೋಟದ ಕೆಲಸಗಾರರ ಆಸ್ಪತ್ರೆಯಲ್ಲಿ ಒಬ್ಬಳು ಡಾಕ್ಟರು ಲಾಲಿಯ ಕೈಗೆ ಪೆನ್ನು ಕೊಟ್ಟು, ಬಸವನ ಹುಳುವಿನ ಚಿಪ್ಪಿನಂಥ ಸುರುಳಿ ಬರೆಯಲು ಹೇಳಿದಳು. ಬರೆದ ಗೆರೆ ಮುಳ್ಳುತಂತಿಯಂತೆ ಬಂತು. ಲಾಲಿ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ನಡೆಸಿ ನೋಡಿದರು, ಕೈ ಮಡಿಲಲ್ಲಿಟ್ಟು ನೋಡಿದರು, ರಕ್ತ ತೆಗೆದರು. ಉತ್ತರಕ್ಕೆ ಕಾದಷ್ಟು ಕಾಲವೂ ಅವಳು, ಕರೆ ಬಂದೊಡನೆ ಹೊರಡುವವಳ ಹಾಗೆ, ಕೋಟು ತೊಟ್ಟೇ ಮಲಗುತ್ತಿದ್ದಳಂತೆ.

"ಇದು ವಂಶದಲ್ಲಿ ಬರೋ ನಡುಕ," ಎಂದಳು ಡಾಕ್ಟರು. "ಇದರಿಂದ ಯಾರೂ ಸಾಯಲ್ಲ. ನಿಮ್ಮ ತಂದೆ ಇದರಿಂದ ಸತ್ತಿರಲಾರರು. ಆದರೆ ಹೋಗೋದೂ ಇಲ್ಲ. ಮೆಲ್ಲಗೆ ಹೆಚ್ಚಾಗಬಹುದು. ಮಾತ್ರೆಯಿಂದ ಸ್ವಲ್ಪ ತಗ್ಗುತ್ತೆ. ಹೆದರಿದಷ್ಟೂ ಜಾಸ್ತಿ."

"ನನ್ನ ಮಗಳಿಗೆ?"

"ಬರಬಹುದು, ಬರದೇನೂ ಇರಬಹುದು. ಈಗಲೇ ಹೇಳೋಕಾಗಲ್ಲ."

ಹೊರಗೆ ಬಂದು ಲಾಲಿ ಕಾರಿಗೊರಗಿ ನಿಂತಳು. ಸಾಯುವುದಿಲ್ಲ ಎಂಬ ಸುದ್ದಿ ಅವಳ ಮುಖಕ್ಕಿನ್ನೂ ತಲುಪಿರಲಿಲ್ಲ.

ಹಲ್ಲಿನ ಓದಿನ ದಾರಿ ಅಲ್ಲಿಗೆ ಮುಚ್ಚಿತು. ಕಾಲೇಜಿಗೆ ಅವಳು ಹೋದದ್ದು ಬಿಡುತ್ತೇನೆಂದು ಹೇಳಲು. ಹಾಲ್ವರ್‌ಸನ್ ಮೇಡಂ ಅವಳನ್ನು ಕೂರಿಸಿಕೊಂಡು, "ಕಲಿತದ್ದು ಎಲ್ಲೂ ಹೋಗಲ್ಲ. ಇದೇ ಕಾಲೇಜಲ್ಲಿ ಸಮುದಾಯ ಆರೋಗ್ಯದ ಪದವಿ ಇದೆ. ನೀವು ಮುಗಿಸಿದ ಪಾಠಗಳಲ್ಲಿ ಹೆಚ್ಚಿನವು ಅಲ್ಲೂ ಲೆಕ್ಕಕ್ಕೆ ಬರುತ್ತವೆ," ಎಂದರು. ಲಾಲಿ ಕೂಡಲೇ ಒಪ್ಪಲಿಲ್ಲ. ಇದೂ ಕೈಜಾರಿದರೆ ಎಂಬ ಹೆದರಿಕೆ. ಎಫ್ರಾಯಿನ್ ಊರಿಗೆ ಬಂದ ಮೇಲೆ ಎಲ್ಲ ಕೇಳಿ, ಅವಳ ಕೈ ಹಿಡಿದುಕೊಂಡನಂತೆ. "ಈ ಕೈಯಲ್ಲೇ ಇಷ್ಟು ವರ್ಷ ನಂಗೆ ಅನ್ನ ಹಾಕಿದ್ದೀಯ. ಪಾಠ ಓದೋಕೆ ಕೈ ಯಾಕೆ, ಕಣ್ಣು ಸಾಲ್ದಾ?" ಎಂದನಂತೆ.

ಅವಳು ಸೇರಿದಳು. ನಾನು ಮೊದಲು ಪದವಿ ಮುಗಿಸಿದೆ; ಅವಳಿಗೆ ಇನ್ನೂ ಸಮಯ ಹಿಡಿಯಿತು. ಪದವಿಯ ದಿನ ವೇದಿಕೆ ಹತ್ತುವ ಮುಂಚೆ, "ಎಲ್ಲರೂ ನೋಡ್ತಾರೆ ಕಣೇ," ಎಂದು ನನ್ನ ಮೊಣಕೈ ಹಿಡಿದುಕೊಂಡಳು. ನೋಡಿದರು. ಕೈ ಕಾಣುವಷ್ಟು ನಡುಗಿತು. ಅದೇ ಕೈಯಲ್ಲಿ ಪದವಿಪತ್ರ ಪಡೆದುಕೊಂಡಳು.

ಈಗ ಅವಳು ತೋಟದ ಬಿಡಾರಗಳಿಗೆ ಹೋಗಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಕ್ಕಳ ಹಲ್ಲು ಅಂತ ತಿಳಿಹೇಳುತ್ತಾಳೆ. ಡಾಕ್ಟರಿಗೆ ಹೆದರಿ ಕೂತವರನ್ನು ತಾನೇ ಕಾರಿನಲ್ಲಿ ಕರೆದೊಯ್ಯುತ್ತಾಳೆ.

ಹೋದ ತಿಂಗಳು ಹಿಮೆನಾ ಅದೇ ಕಾಲೇಜಿಗೆ ಸೇರಿದಳು, ವೆಲ್ಡಿಂಗ್ ಕಲಿಯಲು. ಲಾಲಿ ಸುದ್ದಿ ಹೇಳಿದಾಗ ನಾನು ತಡೆಯಲಾರದೆ ಕೇಳಿಬಿಟ್ಟೆ.

"ಬೇರೆ ಏನೂ ಸಿಗಲಿಲ್ವಾ ಅವಳಿಗೆ? ಕೈಯೇ ಮುಖ್ಯ ಅಲ್ವಾ ಅದರಲ್ಲಿ? ನೀನೇನೂ ಹೇಳ್ಲಿಲ್ವಾ?"

"ಹೇಳಿದೆ. 'ಬಂದಾಗ ನೋಡ್ಕೊಳ್ಳೋಣ ಅಮ್ಮ' ಅಂದಳು." ಲಾಲಿ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. "ಅವಳು ಹಾಯಾಗಿ ಮಲಗ್ತಾಳೆ, ಕೊಮಾದ್ರೆ. ನಂಗೇ ನಿದ್ದೆ ಬರಲ್ಲ."