ಹಲಗೆ ಹಿಡಿದ ಪಾದಗಳು

ನಮ್ಮ ದೊಡ್ಡಪ್ಪನಿಗೆ ಮೂರು ಕೈ ಎಂದು ಅಪ್ಪ ಹೇಳುತ್ತಿದ್ದರು. ಮರ ಕೆತ್ತುವಾಗ ದೊಡ್ಡಪ್ಪ ನೆಲದ ಮೇಲೆ ಕೂತು, ಹಲಗೆಯನ್ನು ಎರಡು ಪಾದಗಳ ನಡುವೆ ಇರುಕಿಸಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಕೊಡತಿ. ಕೆತ್ತುತ್ತಿರುವ ಬಳ್ಳಿ ಬಳುಕಬೇಕಾದ ಕಡೆಗೆ ಹಲಗೆ ತಿರುಗಿಸುವುದು ಕಾಲಿನ ಕೆಲಸ. ನಲವತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಪಾದಗಳು ಜೋಮು ಹಿಡಿದದ್ದನ್ನು ಈ ಮಹಾನುಭಾವರು ಯಾರಿಗೂ ಹೇಳಲಿಲ್ಲ. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಳ್ಳುವವರನ್ನು ನೋಡಿದ್ದೇವೆ, ಇವರು ಉಳಿಯನ್ನೇ ಇಳಿಸಿಕೊಂಡರು. ಕೆತ್ತಿದ ಹೂವು ಕೆಂಪಾದ ಮೇಲೇ ಅವರಿಗೆ ಗೊತ್ತಾದದ್ದು. ಗಾಯ ಕೊಳೆತು, ಆಸ್ಪತ್ರೆಯಲ್ಲಿ ಎಡಗಾಲಿನ ಮೂರು ಬೆರಳು ತೆಗೆದರು.

"ಇನ್ನು ಕೆತ್ತೋದಾದ್ರೆ ಕುರ್ಚಿ ಮೇಲೆ ಆರಾಮಾಗಿ ಕೂತು ಕೆತ್ತಿ" ಎಂದರು ಡಾಕ್ಟರು.

ಅಪ್ಪ ಬಡಗಿ. ಅಣ್ಣನಿಗಾಗಿ ಎತ್ತರದ ಮೇಜು ಮಾಡಿ, ಹಲಗೆ ಕಚ್ಚಿ ಹಿಡಿಯಲು ಕಬ್ಬಿಣದ ಇಕ್ಕಳ ಕೂರಿಸಿಕೊಟ್ಟರು. ದೊಡ್ಡಪ್ಪ ವಾರಕ್ಕೊಮ್ಮೆ ಮೇಜಿನ ಕಾಲುಗಳನ್ನು ಒಂದೊಂದು ಗೇಣು ಕೊಯ್ದರು. ಕೊನೆಗೆ ಅದು ಮಣೆಯಾಯಿತು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ಅಪ್ಪ ರೇಗಿದರು.

"ನಿನ್ನ ಇಕ್ಕಳಕ್ಕೆ ಹಿಡಿಯೋದು ಗೊತ್ತು ಕಣೋ, ತಿರುಗಿಸೋದು ಗೊತ್ತಿಲ್ಲ."

ಮೂರು ತಿಂಗಳು ಒಂದು ಎಲೆಯೂ ಸರಿಯಾಗಿ ಬರಲಿಲ್ಲ. ದೊಡ್ಡಪ್ಪ ಊಟ ಬಿಟ್ಟರು, ಮಾತು ಬಿಟ್ಟರು. ಕೆಲಸ ನಿಂತರೆ ಈ ಮನುಷ್ಯ ಬದುಕುವುದಿಲ್ಲ ಎಂದು ನಮಗೆಲ್ಲ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ದೊಡ್ಡಮ್ಮ ಗಂಡನ ಎದುರು ನೆಲದಲ್ಲಿ ಕೂತು, ಹಲಗೆಯನ್ನು ತಮ್ಮ ಪಾದಗಳ ನಡುವೆ ಇಟ್ಟುಕೊಂಡರು. "ಯಾವ ಕಡೆ ತಿರುಗಿಸ್ಬೇಕು ಹೇಳಿ."

ಮೊದಲ ವಾರ ಬರೀ ಬೈಗುಳ. "ಎಡಕ್ಕೆ ಅಂದ್ರೆ ನನ್ನ ಎಡ ಕಣೇ, ನಿಂದಲ್ಲ."

"ಮದುವೆ ಆದಾಗಿನಿಂದ ನಿಮ್ಮ ಎಡಾನೇ ನನ್ನ ಬಲ, ಹೊಸದೇನು?"

ಆಮೇಲೆ ಮಾತೇ ಬೇಕಾಗಲಿಲ್ಲ. ಬಳ್ಳಿ ಮೊದಲಿನಂತೆ ಬಳುಕಿತು. ದೊಡ್ಡಪ್ಪ ಊಟಕ್ಕೆ ಕೂತರು.

ಒಂದು ಮಧ್ಯಾಹ್ನ ನಾನು ಹೋದಾಗ ಹಲಗೆಯ ಅಂಚಿನಲ್ಲಿ ರಕ್ತ ಕಂಡಿತು.

"ದೊಡ್ಡಪ್ಪ, ಮತ್ತೆ ಕಾಲು ಕುಯ್ದುಕೊಂಡ್ರಾ?" ಎಂದುಬಿಟ್ಟೆ.

ಅವರು ಗಾಬರಿಯಾಗಿ ತಮ್ಮ ಕಾಲು ನೋಡಿಕೊಂಡರು. ಏನೂ ಆಗಿರಲಿಲ್ಲ. ಸೀಳಿದ್ದು ದೊಡ್ಡಮ್ಮನ ಪಾದ. ಅದರ ಪಕ್ಕದಲ್ಲೇ ನಾಲ್ಕೈದು ಹಳೆಯ ಗಾಯದ ಗುರುತುಗಳಿದ್ದವು. ಆಕೆಗೆ ಸಕ್ಕರೆ ಕಾಯಿಲೆಯೂ ಇಲ್ಲ, ಜೋಮೂ ಇಲ್ಲ. ಒಂದೊಂದು ಗಾಯದ ನೋವೂ ಗೊತ್ತಾಗಿತ್ತು.

"ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿಲ್ಲಿಸ್ತಿದ್ರಿ."

ದೊಡ್ಡಪ್ಪ ಉಳಿಗಳನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಅಪ್ಪನಿಗೆ ಕೊಟ್ಟುಬಿಟ್ಟರು. ಈಗ ಡಾಕ್ಟರು ಹೇಳಿದ ಹಾಗೆ ಕುರ್ಚಿಯಲ್ಲೇ ಕೂರುತ್ತಾರೆ, ಬರಿಗೈಯಲ್ಲಿ. ಊಟ ಮತ್ತೆ ಅರ್ಧಕ್ಕಿಳಿದಿದೆ.

"ಅವತ್ತು ನೀನು ಬಾಯಿ ಮುಚ್ಚಿಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ದೊಡ್ಡಮ್ಮ ನನ್ನನ್ನು ಒಂದೇ ಸಲ ಕೇಳಿದರು. ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಹೋದಾಗಲೆಲ್ಲ ಹೇಗಿದ್ದೀರಿ ಎಂದು ದೊಡ್ಡಪ್ಪನನ್ನು ಕೇಳುತ್ತೇನೆ. ಅವರು ಕುರ್ಚಿಯಲ್ಲಿ ಕೂತಲ್ಲಿಂದಲೇ ತಲೆ ಎತ್ತದೆ "ಆರಾಮ" ಅನ್ನುತ್ತಾರೆ.